ಹಲ್ಲು ಕೀಳಿಸಿದ ಮೂರು ದಿನಕ್ಕೆ ವಿಮಾನ ಹತ್ತಬಹುದೇ?

ಪ್ರಶ್ನೆ:
ನಿನ್ನೆ ಸಂಜೆ ನನ್ನ ತಾಯಿಯವರ ಮೇಲ್ಸಾಲಿನ ದವಡೆಹಲ್ಲೊಂದನ್ನು ಕೀಳಿಸಿದ್ದೇವೆ. ನಾಡಿದ್ದು ಅವರು ಬೆಂಗಳೂರಿನಿಂದ ದುಬೈಗೆ ಒಬ್ಬರೇ ಹೊರಡಬೇಕಾಗಿದೆ. ರಕ್ತ ನಿಂತಿದೆ, ಕೆನ್ನೆ ಸ್ವಲ್ಪ ಊದಿದೆ. ಗಾಳಿಯ ಒತ್ತಡಕ್ಕೆ ಗಾಯ ಮತ್ತೆ ತೆರೆದುಕೊಂಡೀತೇ ಎಂಬ ಆತಂಕವಿದೆ. ತಿಳಿದವರು ದಯವಿಟ್ಟು ಹೇಳಿ.

ಉತ್ತರ 1:
ಸರಳವಾಗಿ ಕಿತ್ತ ಹಲ್ಲಾದರೆ ಒಂದೆರಡು ದಿನಗಳ ನಂತರದ ಪ್ರಯಾಣಕ್ಕೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ವಿಮಾನದೊಳಗಿನ ಒತ್ತಡವು ಹೆಚ್ಚೆಂದರೆ 6,000ದಿಂದ 8,000 ಅಡಿ ಎತ್ತರದಲ್ಲಿರುವಷ್ಟೇ, ಅಂದರೆ ಮುಳ್ಳಯ್ಯನಗಿರಿಯ ನೆತ್ತಿಯಲ್ಲಿರುವುದಕ್ಕೆ ಹತ್ತಿರದ್ದು. ಆದರೆ ಮೇಲಿನ ದವಡೆಹಲ್ಲಿನ ಬೇರುಗಳು ಸೈನಸ್ಸಿಗೆ (ಕೆನ್ನೆಯ ಮೂಳೆಯೊಳಗೆ ಮೂಗಿಗೆ ತೆರೆದುಕೊಂಡಿರುವ ಗಾಳಿಯ ಪೊಳ್ಳಿಗೆ) ತೀರ ಸಮೀಪವಿರುವುದರಿಂದ, ನೀರು ಕುಡಿಯುವಾಗ ಅದು ಮೂಗಿಗೆ ಬರುತ್ತಿದ್ದರೆ ಅಥವಾ ಗಾಯದೊಳಗಿಂದ ಗಾಳಿ ಆಡಿದಂತೆನಿಸಿದರೆ, ದಂತವೈದ್ಯರು ನೋಡುವವರೆಗೆ ಅವರನ್ನು ಖಂಡಿತ ಕಳುಹಿಸಬೇಡಿ.

ಉತ್ತರ 2:
ನನಗೆ ತೊಂದರೆಯಾದದ್ದು ವಿಮಾನದಿಂದಲ್ಲ. ಹಲ್ಲು ಕೀಳಿಸಿದ ಮರುದಿನವೇ ಸ್ಟ್ರಾ ಹಾಕಿ ಎಳನೀರು ಹೀರಿದ್ದೆ. ಗಾಯದ ಮೇಲಿನ ರಕ್ತದ ಹೆಪ್ಪು ಕಿತ್ತುಬಂದು, ಮೂರನೆಯ ದಿನ ನೋವು ಕಿವಿಯವರೆಗೂ ಹಬ್ಬಿತು. ಲವಂಗದ ವಾಸನೆಯ ಔಷಧವನ್ನು ಗುಳಿಯಲ್ಲಿ ತುಂಬಿದ ಮೇಲೆಯೇ ಶಮನವಾದದ್ದು. ಈ ನೋವು ಶುರುವಾಗುವುದು ಹೆಚ್ಚಾಗಿ ಎರಡರಿಂದ ನಾಲ್ಕನೆಯ ದಿನದೊಳಗೆ, ಅಂದರೆ ತಾಯಿಯವರು ಪ್ರಯಾಣದಲ್ಲಿರುವ ಹೊತ್ತಿಗೇ. ಆದ್ದರಿಂದ ವೈದ್ಯರು ಬರೆದುಕೊಟ್ಟ ಮಾತ್ರೆ, ಚೀಟಿ ಮತ್ತು ಸ್ವಲ್ಪ ಗಾಜ್ ಬಟ್ಟೆ ಕೈಚೀಲದಲ್ಲಿಯೇ ಇರಲಿ.

ಪ್ರಶ್ನೆ ಕೇಳಿದವರು:
ನೀರು ಕುಡಿಸಿ ನೋಡಿದೆ, ಮೂಗಿಗೆ ಬರಲಿಲ್ಲ. ಆದರೂ ನಾಳೆ ಬೆಳಿಗ್ಗೆ ವೈದ್ಯರಿಗೆ ತೋರಿಸಿಯೇ ಕಳುಹಿಸುತ್ತೇನೆ. ಇಬ್ಬರಿಗೂ ಧನ್ಯವಾದಗಳು.