40 ಎಂಬಿ ಜೇಸನ್‌ನಿಂದ ಬರೀ ಹೆಸರು, ಜಾಗ ತೆಗೆಯುವುದು ಹೇಗೆ?

ಸಿಲ್ಕ್‌ಬೋರ್ಡ್ ಸಂತ್ರಸ್ತ: ಬೆಂಗಳೂರಿನ ಬಸ್ ಸ್ಟಾಪ್‌ಗಳ ಜಿಯೋಜೇಸನ್ ಫೈಲ್ (ನಕ್ಷೆಯ ಮಾಹಿತಿಯನ್ನು ಜೇಸನ್ ಎಂಬ ಪಠ್ಯ ರೂಪದಲ್ಲಿ ಬರೆದದ್ದು) ಇದೆ, 40 ಎಂಬಿ. ನನಗೆ ಸ್ಟಾಪಿನ ಹೆಸರು, ಜಾಗ ಎರಡೇ ಸಾಕು. ಜಾವಾಸ್ಕ್ರಿಪ್ಟ್‌ನಲ್ಲಿ ಜೇಸನ್ ಓದುವ ಜೇಸನ್.ಪಾರ್ಸ್‌ಗೆ ರಿವೈವರ್ ಎಂಬ ಫಂಕ್ಷನ್ ಕೊಟ್ಟು, ಬೇಡದ ಕೀಗಳು ಬಿದ್ದುಹೋಗಲಿ ಎಂದು ಅವಕ್ಕೆಲ್ಲ ಅನ್‌ಡಿಫೈನ್ಡ್ ರಿಟರ್ನ್ ಮಾಡಿದೆ. ಮೊದಲಿಗಿಂತ ನಿಧಾನವಾಯಿತು! ಯಾಕೆ?

ಗಾಂಧಿಬಜಾರ್ ಗಣಕ: ರಿವೈವರ್ ಜರಡಿ ಅಲ್ಲ ಸ್ವಾಮಿ. ಇಡೀ ಫೈಲ್ ಪಾರ್ಸ್ ಆಗುತ್ತದೆ, ಅದರ ಮೇಲೆ ಒಂದೊಂದು ಕೀಗೂ ನಿಮ್ಮ ಫಂಕ್ಷನ್ ಓಡುತ್ತದೆ. ಬಿಸಿಬೇಳೆಬಾತ್ ಬಡಿಸಿಕೊಂಡು ಬಟಾಣಿ ಆರಿಸಿದ ಹಾಗೆ. ಸುಮ್ನೆ ಪಾರ್ಸ್ ಮಾಡಿ, ಫೀಚರ್ಸ್ (ಸ್ಟಾಪ್‌ಗಳ ಪಟ್ಟಿ) ಮೇಲೆ ಒಂದು ಮ್ಯಾಪ್ ಫಂಕ್ಷನ್ ಓಡಿಸಿ, ಪ್ರತಿಯೊಂದರಿಂದ ಬೇಕಾದ್ದಷ್ಟೇ ತೆಗೆಯಿರಿ. ಹೆಸರು ಪ್ರಾಪರ್ಟೀಸ್‌ನಲ್ಲಿ, ಜಾಗ ಜಿಯೊಮೆಟ್ರಿಯ ಕೋಆರ್ಡಿನೇಟ್ಸ್‌ನಲ್ಲಿ. ಅಕ್ಷಾಂಶ ಮೊದಲು, ರೇಖಾಂಶ ಆಮೇಲೆ.

ಮಲ್ಲೇಶ್ವರಂ 8ನೇ ಕ್ರಾಸ್: "ಅಕ್ಷಾಂಶ ಮೊದಲು"?! ಜಿಯೋಜೇಸನ್‌ನಲ್ಲಿ ರೇಖಾಂಶ ಮೊದಲು. ಅದರ ಮಾನದಂಡವಾದ 2016ರ ಆರ್‌ಎಫ್‌ಸಿ 7946ರಲ್ಲೇ ಇದೆ. ನೀವು ಹೇಳಿದ ಹಾಗೆ ತೆಗೆದರೆ ಮೆಜೆಸ್ಟಿಕ್ 77.57 ಡಿಗ್ರಿ ಉತ್ತರಕ್ಕೆ ಹೋಗುತ್ತದೆ, ಉತ್ತರ ಧ್ರುವದ ಕಡೆಯ ಸ್ವಾಲ್ಬಾರ್ಡ್ ದ್ವೀಪಗಳ ಪಕ್ಕ. ಅಲ್ಲಿ ಬಿಎಂಟಿಸಿ ಬಸ್ಸಿಲ್ಲ, ಹಿಮಕರಡಿ ಇದೆ.

ಯಲಹಂಕ ಲೂಪ್: ಮ್ಯಾಪ್ ಯಾಕೆ, ಫಾರ್ ಲೂಪ್ ಸಾಲದಾ? ರೆಡ್ಯೂಸ್ (ಪಟ್ಟಿಯನ್ನು ಒಂದೇ ಫಲಿತಾಂಶವಾಗಿ ಕೂಡಿಸುವ ಫಂಕ್ಷನ್) ಒಳಗೆ ಸ್ಪ್ರೆಡ್ (ಮೂರು ಚುಕ್ಕಿ) ಮಾತ್ರ ಹಾಕಬೇಡಿ, ಪ್ರತಿ ಸುತ್ತಿಗೂ ಹಳೇದೆಲ್ಲ ಕಾಪಿ ಆಗುತ್ತದೆ.

ಗಾಂಧಿಬಜಾರ್ ಗಣಕ: "ಹಿಮಕರಡಿ" ಅಂತೆ. ಗೂಗಲ್ ಮ್ಯಾಪ್ಸ್‌ನಲ್ಲಿ ಬೆಂಗಳೂರಿನ ಅಕ್ಷಾಂಶ 12.97 ಮೊದಲು. ನಕ್ಷೆ ತೋರಿಸುವ ಲೀಫ್ಲೆಟ್ ಲೈಬ್ರರಿಯಲ್ಲೂ ಹಾಗೇ. ಹೈಸ್ಕೂಲಿನ ಭೂಗೋಳದಲ್ಲೂ ಹಾಗೇ.

ಮಲ್ಲೇಶ್ವರಂ 8ನೇ ಕ್ರಾಸ್: ಹೈಸ್ಕೂಲು ಯಾಕೆ ಬಂತು ಇಲ್ಲಿ? ಲೀಫ್ಲೆಟ್ ಕೂಡ ಜಿಯೋಜೇಸನ್ ಓದುವಾಗ ಅದಲುಬದಲು ಮಾಡಿಕೊಳ್ಳುತ್ತದೆ. ನಾನು ಹೇಳುತ್ತಿರುವುದು ಫೈಲಿನ ವಿಷಯ.

ಯಲಹಂಕ ಲೂಪ್: ಅಲ್ರೀ, 40 ಎಂಬಿ ಬ್ರೌಸರ್‌ಗೆ ಯಾಕೆ ಕಳಿಸಬೇಕು? ಸರ್ವರ್‌ನಲ್ಲೇ ಸ್ಟ್ರೀಮಿಂಗ್ ಪಾರ್ಸರ್ (ಫೈಲನ್ನು ತುಣುಕು ತುಣುಕಾಗಿ ಓದುವಂಥದ್ದು) ಹಾಕಿ ಎರಡು ಕೀ ಆರಿಸಿ ಕಳಿಸಿ, ವೇಗವೂ ಬರುತ್ತದೆ.

ಗಾಂಧಿಬಜಾರ್ ಗಣಕ: "ವೇಗವೂ"? ಸ್ಟ್ರೀಮಿಂಗ್ ಉಳಿಸುವುದು ಮೆಮೊರಿ. ಜಾವಾಸ್ಕ್ರಿಪ್ಟ್‌ನಲ್ಲಿ ಬರೆದ ಪಾರ್ಸರ್, ಎಂಜಿನ್ ಒಳಗಿನ ಜೇಸನ್.ಪಾರ್ಸ್‌ಗಿಂತ ಸಾಮಾನ್ಯವಾಗಿ ನಿಧಾನ. ಗೊತ್ತಿಲ್ಲದಿದ್ದರೆ ಸುಮ್ಮನಿರಿ.

ಮಲ್ಲೇಶ್ವರಂ 8ನೇ ಕ್ರಾಸ್: "ಗೊತ್ತಿಲ್ಲದಿದ್ದರೆ ಸುಮ್ಮನಿರಿ." ಹೇಳುತ್ತಿರುವವರು ಯಾರು ನೋಡಿ!

ಯಲಹಂಕ ಲೂಪ್: ನೆಟ್‌ವರ್ಕ್‌ನಲ್ಲಿ ಉಳಿಯುವ ಟೈಮ್ ಲೆಕ್ಕಕ್ಕಿಲ್ವಾ? ನಿಮ್ಮ ಮನೇಲಿ ಫೈಬರ್ ಇರಬಹುದು, ಬಸ್ಸಲ್ಲಿ ನಿಂತವನಿಗೆ ಇರಲ್ಲ.

ಸಿಲ್ಕ್‌ಬೋರ್ಡ್ ಸಂತ್ರಸ್ತ: ರಿವೈವರ್ ತೆಗೆದು ಮ್ಯಾಪ್ ಹಾಕಿದೆ, ಬೇಗ ಆಯಿತು. ಒಂದು ಸ್ಟಾಪಿನ ಜಿಯೊಮೆಟ್ರಿ ನಲ್ (ಖಾಲಿ) ಇತ್ತು, ಅಲ್ಲಿ ಎರರ್ ಬಂತು. ಆಪ್ಷನಲ್ ಚೈನಿಂಗ್ (ಖಾಲಿ ಇದ್ದರೆ ಎರರ್ ಕೊಡದೆ ಅಲ್ಲೇ ನಿಲ್ಲುವ ?. ಗುರುತು) ಹಾಕಿದ ಮೇಲೆ ಸರಿಹೋಯಿತು. ಆದರೆ ಗಣಕ ಸರ್, ನೀವು ಹೇಳಿದ ಕ್ರಮದಲ್ಲೇ ತೆಗೆದೆ. ಬನಶಂಕರಿ ಸ್ಟಾಪ್ ಸಮುದ್ರದಲ್ಲಿದೆ.

ಗಾಂಧಿಬಜಾರ್ ಗಣಕ: ಸಮುದ್ರದಲ್ಲಿದ್ದರೆ ನಿಮ್ಮ ಫೈಲೇ ಸರಿಯಿಲ್ಲ.