ರೈಡರ್ ಹ್ಯಾಗಾರ್ಡ್ ಓದೋಕೆ ಎಲ್ಲಿಂದ ಶುರು ಮಾಡಿಸಲಿ?

ಮಗ ಎಂಟನೇ ಕ್ಲಾಸು. ನಿಧಿ, ನಕ್ಷೆ, ಕಾಡು ಇರೋ ಕಥೆ ಬೇಕು ಅಂತ ಪ್ರಾಣ ತಿನ್ನುತ್ತಿದ್ದಾನೆ. ಯಾರೋ ಹ್ಯಾಗಾರ್ಡ್ ಹೆಸರು ಹೇಳಿದರು. ಮಕ್ಕಳಿಗೆ ಓದಿಸಿದವರು ಇದ್ದರೆ ನಿಮ್ಮ ಅನುಭವ ಹೇಳಿ. ಇಂಗ್ಲಿಷ್ ತೀರಾ ಹಳೇದಾ?

---

ಕಣ್ಣು ಮುಚ್ಚಿಕೊಂಡು ‘ಕಿಂಗ್ ಸಾಲೊಮನ್ಸ್ ಮೈನ್ಸ್’ ಕೊಡಿ ಮೇಡಂ. 1885ರದ್ದು. ‘ಟ್ರೆಷರ್ ಐಲೆಂಡ್’ನ ಅರ್ಧದಷ್ಟು ಚೆನ್ನಾಗಿರೋದನ್ನೂ ನಿನ್ನ ಕೈಲಿ ಬರೆಯೋಕಾಗಲ್ಲ ಅಂತ ಒಡಹುಟ್ಟಿದವನೊಬ್ಬ ಐದು ಶಿಲಿಂಗ್ ಬಾಜಿ ಕಟ್ಟಿದ್ದಕ್ಕೆ ಸುಮಾರು ಆರು ವಾರದಲ್ಲಿ ಬರೆದು ಮುಗಿಸಿದ್ದಂತೆ, ಆ ಅವಸರ ಓದುವಾಗಲೂ ಗೊತ್ತಾಗುತ್ತದೆ. ಶುರು ಮಾತ್ರ ಸ್ವಲ್ಪ ನಿಧಾನ. ಮರುಭೂಮಿ ಬರುವ ತನಕ ರಾತ್ರಿ ಹೊತ್ತು ನಾನೇ ಓದಿ ಹೇಳಿದೆ, ಆಮೇಲೆ ನನ್ನ ಮಗ ಪುಸ್ತಕ ಕಿತ್ತುಕೊಂಡ.

---

ಸುಮ್ನೆ ಕೈಗೆ ಕೊಟ್ಟು ಬಿಡಬೇಡಿ. ನನ್ನ ಮಗಳು ಆನೆ ಬೇಟೆಯ ಅಧ್ಯಾಯಕ್ಕೇ ಪುಸ್ತಕ ಮುಚ್ಚಿಟ್ಟಳು. ಅದೂ ಅಲ್ಲದೆ ಹ್ಯಾಗಾರ್ಡ್ 19ನೇ ವಯಸ್ಸಿಗೆ, 1875ರಲ್ಲಿ, ಸರ್ಕಾರಿ ಕೆಲಸಕ್ಕೆ ದಕ್ಷಿಣ ಆಫ್ರಿಕಾದ ನಟಾಲ್‌ಗೆ ಹೋದವನು. 1877ರಲ್ಲಿ ಪ್ರಿಟೋರಿಯಾದಲ್ಲಿ ಬ್ರಿಟಿಷ್ ಬಾವುಟ ಏರಿಸಿದವರಲ್ಲಿ ಒಬ್ಬ. ಆಫ್ರಿಕಾದವರ ಬಗ್ಗೆ ಬರೆಯುವಾಗ ಆ ಅಧಿಕಾರಿಯ ಕಣ್ಣು ಇದ್ದೇ ಇರುತ್ತದೆ. ಹಾಗಂತ ಈ ಕಥೆಯಲ್ಲಿ ಬರುವ ಆಫ್ರಿಕಾದ ಉಂಬೋಪನ ಪಾತ್ರ ನೋಡಿ, ಬಿಳಿಯರ ಮುಂದೆ ಅವನೇ ರಾಜ. ಜೊತೆಗೆ ಕೂತು ಓದಿದರೆ ಮಾತಾಡೋಕೆ ಬೇಕಾದಷ್ಟು ಸಿಗುತ್ತದೆ.

---

ಒಂದು ತಮಾಷೆ ಸೇರಿಸುತ್ತೇನೆ. ಮೊದಲ ಮುದ್ರಣದಲ್ಲಿ ಹುಣ್ಣಿಮೆಯ ಆಸುಪಾಸಿನಲ್ಲೇ ಸೂರ್ಯಗ್ರಹಣ ಆಗಿಬಿಡುತ್ತದೆ! ಮನೇಲಿ ಪಂಚಾಂಗ ನೋಡುವ ನಮ್ಮಜ್ಜಿ ಕೈಗೆ ಸಿಕ್ಕಿದ್ದರೆ ಅಲ್ಲೇ ಹಿಡಿದುಹಾಕುತ್ತಿದ್ದರು. ಆಮೇಲೆ ಅವನೇ ಚಂದ್ರಗ್ರಹಣ ಅಂತ ತಿದ್ದಿದ. ಮಗನಿಗೆ ಮೊದಲೇ ಹೇಳಬೇಡಿ, ಸೂರ್ಯಗ್ರಹಣಕ್ಕೆ ಅಮಾವಾಸ್ಯೆನೇ ಯಾಕೆ ಬೇಕು ಅಂತ ಕೇಳಿ ನೋಡಿ.

---

ಅದು ಹಿಡಿಸಿದರೆ ಮುಂದಿನದು ‘ಅಲನ್ ಕ್ವಾಟರ್‌ಮೇನ್’, 1887ರದ್ದು. ‘ಷೀ’ ಇನ್ನೊಂದೆರಡು ವರ್ಷ ಬಿಟ್ಟು ಕೊಡಿ, ಅದರಲ್ಲಿ ವೇದಾಂತ ಜಾಸ್ತಿ. ಆದರೆ ‘ಅಲನ್ ಕ್ವಾಟರ್‌ಮೇನ್’ ಮಗನಿಗೆ ಕೊಡೋ ಮುಂಚೆ ನೀವು ಮೊದಲು ಓದಿ ಮೇಡಂ. ಶುರುವಾಗೋದೇ ಸಿಡುಬಿಗೆ ಮಗನನ್ನು ಕಳೆದುಕೊಂಡ ಅಪ್ಪನಿಂದ. ಹ್ಯಾಗಾರ್ಡ್ ಅದನ್ನು ಅರ್ಪಿಸಿದ್ದು ತನ್ನ ಪುಟ್ಟ ಮಗನಿಗೆ, ಮನೇಲಿ ಜಾಕ್ ಅನ್ನುತ್ತಿದ್ದ ಹುಡುಗ. 1891ರಲ್ಲಿ ಹ್ಯಾಗಾರ್ಡ್ ನಿಜವಾಗಲೂ ನಿಧಿ ಹುಡುಕಿಕೊಂಡು ಮೆಕ್ಸಿಕೋಗೆ ಹೋದ, ಹೆಂಡತಿಯೂ ಜೊತೆಗಿದ್ದಳು. ಅವರು ಅಲ್ಲಿರುವಾಗಲೇ ಇಂಗ್ಲೆಂಡಿನಲ್ಲಿ ಜಾಕ್ ದಡಾರಕ್ಕೆ ತೀರಿಕೊಂಡ. ಇದು ಗೊತ್ತಾದ ಮೇಲೆ ನನಗೆ ಆ ಮೊದಲ ಪುಟಗಳನ್ನು ಜೋರಾಗಿ ಓದಿ ಹೇಳೋಕೆ ಆಗಲಿಲ್ಲ, ನಮ್ಮನೆಯವರ ಕೈಗೆ ಕೊಟ್ಟೆ.