ರಾಜ್ಯೋತ್ಸವಕ್ಕೆ 60 ಟೀ ಶರ್ಟ್: ಸ್ಕ್ರೀನ್ ಪ್ರಿಂಟ್ ಮಾಡಿಸಿದವರು ಅನುಭವ ಹೇಳಿ

ಎಲ್ಲರಿಗೂ ನಮಸ್ಕಾರ. ನವೆಂಬರ್ 1ಕ್ಕೆ ನಮ್ಮ ಬೀದಿಯ ಹುಡುಗರಿಗೆ ಟೀ ಶರ್ಟ್ ಮಾಡಿಸಬೇಕು ಅಂತಿದ್ದೇವೆ. ಒಟ್ಟು 60. ಕಪ್ಪು ಬಟ್ಟೆ, ಎದೆ ಮೇಲೆ ಹಳದಿ-ಕೆಂಪಿನಲ್ಲಿ ಕರ್ನಾಟಕದ ನಕ್ಷೆ, ಬೆನ್ನಿಗೆ ಬಿಳಿ ಬಣ್ಣದಲ್ಲಿ ಎರಡು ಸಾಲು ಕನ್ನಡ. ಅಂಗಡಿಯವರು "ನಾಲ್ಕು ಫ್ರೇಮ್ ಆಗುತ್ತೆ, ಅದರ ಚಾರ್ಜ್ ಬೇರೆ" ಅಂದರು. ನಕ್ಷೆಗೆ ಎರಡು, ಬರಹಕ್ಕೆ ಒಂದು, ಮೂರೇ ಆಗಬೇಕು ಅಲ್ವಾ? ಈ ಕೆಲಸ ಹೇಗೆ ನಡೆಯುತ್ತೆ, ಏನು ಕೇಳಿ ಆರ್ಡರ್ ಕೊಡಬೇಕು, ತಿಳಿದವರು ಹೇಳಿ. ದುಡ್ಡು ಎಲ್ಲರೂ ಸೇರಿ ಹಾಕಿದ್ದು, ಹಾಳಾಗಬಾರದು.

ಪ್ರಿಂಟಿಂಗ್ ಯೂನಿಟ್ಟಿನಲ್ಲಿ ಎಂಟು ವರ್ಷ ಇದ್ದವನು

ಅಂಗಡಿಯವರು ಹೇಳಿದ ಲೆಕ್ಕ ಸರಿ ಇದೆ ಸರ್. ನಾಲ್ಕನೆಯ ಫ್ರೇಮ್ ನಕ್ಷೆಯ ಕೆಳಗೆ ಹಾಕುವ ಬಿಳಿ ಬಣ್ಣಕ್ಕೆ.

ಫ್ರೇಮ್ ಅಂದರೆ ಮರದ್ದೋ ಅಲ್ಯೂಮಿನಿಯಂದೋ ಚೌಕಟ್ಟು. ಅದಕ್ಕೆ ಪಾಲಿಯೆಸ್ಟರ್ ಜಾಲರಿ ಬಟ್ಟೆಯನ್ನು ಬಿಗಿಯಾಗಿ ಎಳೆದು ಕಟ್ಟಿರುತ್ತಾರೆ. ಅದರ ಮೇಲೆ ಎಮಲ್ಷನ್ ಅನ್ನುವ ದ್ರಾವಣ ಬಳಿದು ಕತ್ತಲೆ ಕೋಣೆಯಲ್ಲಿ ಒಣಗಿಸುತ್ತಾರೆ. ನಿಮ್ಮ ಡಿಸೈನನ್ನು ಕಪ್ಪಾಗಿ ಪ್ರಿಂಟ್ ಮಾಡಿದ ಫಿಲ್ಮ್ ಅದಕ್ಕೆ ಅಂಟಿಸಿ ಲೈಟ್ ಬಿಡುತ್ತಾರೆ. ಬೆಳಕು ಬಿದ್ದ ಕಡೆ ಎಮಲ್ಷನ್ ಗಟ್ಟಿಯಾಗುತ್ತದೆ. ಕಪ್ಪಿನ ಅಡಿ ಇದ್ದದ್ದು ಮೆತ್ತಗೇ ಉಳಿಯುತ್ತದೆ, ನೀರು ಬಿಟ್ಟರೆ ತೊಳೆದುಹೋಗುತ್ತದೆ. ಆಗ ಜಾಲರಿಯಲ್ಲಿ ನಿಮ್ಮ ನಕ್ಷೆ ಕಿಟಕಿ ತೆರೆದ ಹಾಗೆ ಕಾಣುತ್ತದೆ. ನನಗೆ ಈ ಕೆಲಸದಲ್ಲಿ ಎಲ್ಲಕ್ಕಿಂತ ಇಷ್ಟವಾಗುತ್ತಿದ್ದ ಗಳಿಗೆ ಅದೇ. ಆಮೇಲೆ ಬಟ್ಟೆ ಮೇಲೆ ಫ್ರೇಮ್ ಇಟ್ಟು, ಇಂಕ್ ಹಾಕಿ, ಸ್ಕ್ವೀಜಿ ಅನ್ನುವ ರಬ್ಬರ್ ಪಟ್ಟಿಯಿಂದ ಎಳೆಯುವುದು. ತೆರೆದ ಜಾಗದಿಂದ ಮಾತ್ರ ಇಂಕ್ ಇಳಿಯುತ್ತದೆ.

ಹಾಗಾಗಿ ಒಂದು ಬಣ್ಣಕ್ಕೆ ಒಂದು ಫ್ರೇಮ್. ಕಪ್ಪು ಬಟ್ಟೆ ಮೇಲೆ ಹಳದಿಯನ್ನು ನೇರವಾಗಿ ಎಳೆದರೆ ಅದು ಹಳದಿಯಾಗಿ ಉಳಿಯುವುದಿಲ್ಲ, ಮಂಕು ಹಸಿರಿನ ಹಾಗೆ ಕಾಣುತ್ತದೆ. ಕೆಂಪು ಕಂದು ಬಣ್ಣಕ್ಕೆ ತಿರುಗುತ್ತದೆ. ಅದಕ್ಕೇ ಮೊದಲು ಬಿಳಿ ಬೇಸ್, ಅದನ್ನು ಬಿಸಿಯಲ್ಲಿ ಅರ್ಧ ಒಣಗಿಸಿ ಅದರ ಮೇಲೆ ಹಳದಿ, ಆಮೇಲೆ ಕೆಂಪು. ಬಿಳಿಯ ಆಕಾರವನ್ನು ಮೇಲಿನ ಬಣ್ಣಕ್ಕಿಂತ ಕೂದಲೆಳೆಯಷ್ಟು ಚಿಕ್ಕದು ಮಾಡಿರಬೇಕು. ಇಲ್ಲದಿದ್ದರೆ ಅಂಚಿನಲ್ಲಿ ಇಣುಕುತ್ತದೆ.

ನನ್ನ ಮಾತು ಕೇಳಿದರೆ ಕಪ್ಪು ಬಿಡಿ, ಹಳದಿ ಟೀ ಶರ್ಟೇ ತಗೊಳ್ಳಿ. ಮುಂದೆ ಹಿಂದೆ ಎರಡೂ ಕಡೆ ಬರೀ ಕೆಂಪು. ಬಿಳಿ ಬೇಸ್ ಬೇಡ, ಎರಡೇ ಫ್ರೇಮ್. ಬಾವುಟದ ಎರಡೂ ಬಣ್ಣ ಬಂದೇ ಬರುತ್ತದೆ. ಇಂಕ್ ಮೂರು ಪದರ ಕೂತರೆ ಎದೆ ಮೇಲೆ ರಬ್ಬರ್ ಹಾಳೆ ಹಾಕಿಕೊಂಡ ಹಾಗಾಗುತ್ತದೆ, ಮೆರವಣಿಗೆಯಲ್ಲಿ ಬೆವರು ಸುರಿಯುತ್ತದೆ. ಒಂದೇ ಪದರವಾದರೆ ಆ ಕಾಟ ಇಲ್ಲ.

ಫ್ರೇಮ್ ಚಾರ್ಜ್ ಬೇರೆ ಕೇಳುವುದು ಮೋಸ ಅಲ್ಲ. ಒಂದು ಶರ್ಟ್ ಇರಲಿ ನೂರು ಇರಲಿ, ಫ್ರೇಮ್ ತಯಾರಿಗೆ ಅಷ್ಟೇ ಕೆಲಸ. 400 ರೂಪಾಯಿ ಅಂದುಕೊಳ್ಳಿ. 10 ಶರ್ಟಿಗೆ ಹಂಚಿದರೆ ತಲಾ 40, 100ಕ್ಕೆ ಹಂಚಿದರೆ ತಲಾ 4. ನಾಲ್ಕೈದು ಶರ್ಟ್ ಮಾತ್ರ ಬೇಕಿದ್ದರೆ ನಾನೇ ಡಿಟಿಎಫ್ (ಡಿಸೈನನ್ನು ಫಿಲ್ಮ್ ಮೇಲೆ ಪ್ರಿಂಟ್ ಮಾಡಿ ಬಿಸಿಯಲ್ಲಿ ಬಟ್ಟೆಗೆ ಒತ್ತುವುದು) ಮಾಡಿಸಿ ಅಂತಿದ್ದೆ. 60ಕ್ಕೆ ಸ್ಕ್ರೀನ್ ಪ್ರಿಂಟೇ ಸರಿ.

ಇನ್ನೊಂದು ಮುಖ್ಯ ಮಾತು, ಬಿಸಿ. ಪ್ಲಾಸ್ಟಿಸಾಲ್, ಅಂದರೆ ಪ್ಲಾಸ್ಟಿಕ್ ಇರುವ ಇಂಕ್, ಗಾಳಿಗೆ ಎಷ್ಟು ದಿನ ಇಟ್ಟರೂ ಒಣಗುವುದಿಲ್ಲ. ಸುಮಾರು 160 ಡಿಗ್ರಿ ಬಿಸಿ ಇಂಕಿನ ಪೂರ್ತಿ ದಪ್ಪಕ್ಕೂ ತಾಗಬೇಕು. ನೀರಿನ ಇಂಕ್ ಆದರೂ ಪೂರ್ತಿ ಒಣಗಿ ಬಿಸಿ ಕಾಣಬೇಕು. ಒಂದು ವರ್ಷ ಅಕ್ಟೋಬರ್ ಕೊನೆಗೆ ನಮ್ಮಲ್ಲಿ ಆರ್ಡರ್ ಮೇಲೆ ಆರ್ಡರ್, ಹೊರಗೆ ಬಿಡದೆ ಮಳೆ. ಒಣಗುವ ಮೊದಲೇ ಶರ್ಟ್ ಮಡಚಿ ಒಂದರ ಮೇಲೊಂದು ಪೇರಿಸಿದೆವು. ಬೆಳಗ್ಗೆ ಬಿಡಿಸಿದರೆ ಒಂದರ ಇಂಕ್ ಇನ್ನೊಂದರ ಬೆನ್ನಿಗೆ. ಹುಡುಗರು ಕಾಯುತ್ತಾ ಬಾಗಿಲಲ್ಲಿ ನಿಂತಿದ್ದರು. ಅವರ ಮುಖ ಇನ್ನೂ ನೆನಪಿದೆ. ಹಾಗಾಗಿ ಆರ್ಡರನ್ನು ಅಕ್ಟೋಬರ್ ಮೊದಲ ವಾರವೇ ಕೊಡಿ, ದಯವಿಟ್ಟು.

ಕಾಲೇಜಿನ ಕನ್ನಡ ಸಂಘದಲ್ಲಿದ್ದವಳು

ಅಣ್ಣ ಹೇಳಿದ್ದು ಸರಿ. ನಾನು ಅಕ್ಷರದ ವಿಷಯ ಹೇಳುತ್ತೇನೆ. ನಾವು ಬರಹವನ್ನು ವಾಟ್ಸ್‌ಆ್ಯಪ್‌ನಲ್ಲಿ ಟೈಪ್ ಮಾಡಿ ಕಳಿಸಿದ್ದೆವು. ಅಂಗಡಿಯಲ್ಲಿ ಅದನ್ನು ಹಳೇ ಡಿಸೈನ್ ಸಾಫ್ಟ್‌ವೇರಿಗೆ ಹಾಕಿದ್ದಾರೆ. ಒತ್ತಕ್ಷರ ಎಲ್ಲ ಬಿಚ್ಚಿಕೊಂಡಿದೆ. 80 ಶರ್ಟಿನ ಬೆನ್ನ ಮೇಲೂ "ರಾಜ್‌ಯೋತ್‌ಸವ" ಅಂತ ಬಂತು. ಅಲ್ಲಿದ್ದವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ, ನಾವು ನೋಡಲು ಹೋಗಿರಲಿಲ್ಲ. ರಾಜ್ಯೋತ್ಸವದ ದಿನವೇ ಕನ್ನಡ ತಪ್ಪಾದ ಅಂಗಿ ಹಾಕಿಕೊಳ್ಳೋದು ಹೇಗೆ? ತುಂಬಾ ಅತ್ತೆ.

ನುಡಿ, ಬರಹ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರುಗಳ ಹಳೇ ಫಾಂಟಿನಲ್ಲಿ ಟೈಪ್ ಮಾಡಿದರೆ ತೊಂದರೆ ಇನ್ನೊಂದು ಥರ. ಆ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿದ್ದರೆ ಏನೇನೋ ಗುರುತು ಬರುತ್ತದೆ. ಡಿಸೈನ್ ಮಾಡುವವರಿಗೆ ಅಕ್ಷರವನ್ನು ಕರ್ವ್ಸ್ ಮಾಡಿ ಪಿಡಿಎಫ್ ಕೊಡಲು ಹೇಳಿ. ಆಗ ಅಕ್ಷರ ಚಿತ್ರವಾಗಿ ಕೂತುಬಿಡುತ್ತದೆ, ಯಾವ ಕಂಪ್ಯೂಟರಿನಲ್ಲೂ ಕದಲುವುದಿಲ್ಲ. ಫಿಲ್ಮ್ ಬಂದ ಮೇಲೆ ಕನ್ನಡ ಚೆನ್ನಾಗಿ ಬರುವ ಇಬ್ಬರು ಹೋಗಿ ಒಂದೊಂದೇ ಅಕ್ಷರ ಓದಿ. ಫೋನಿನಲ್ಲಿ ಫೋಟೋ ನೋಡಿ ಓಕೆ ಅನ್ನಬೇಡಿ.

ಮನೆಯಲ್ಲೇ ತಾಂಬೂಲದ ಚೀಲ ಪ್ರಿಂಟ್ ಮಾಡುವವಳು

ಓದಲು ಸರಿಯಾಗಿದ್ದರೂ ಪ್ರಿಂಟಿನಲ್ಲಿ ಕೆಡಬಹುದಮ್ಮ. ಬಟ್ಟೆ ಮೇಲೆ ಇಂಕ್ ಸ್ವಲ್ಪ ಹರಡಿಯೇ ಹರಡುತ್ತದೆ. ಧ ಅಕ್ಷರದ ಕೆಳಗಿನ ಸಣ್ಣ ಸೀಳು ತುಂಬಿಕೊಂಡರೆ ಧ್ವಜ ಹೋಗಿ "ದ್ವಜ" ಆಗುತ್ತದೆ. ಹೊಟ್ಟೆ ಸೀಳುವ ಷ ಒಳಗೂ ಹಾಗೇ, ಇಂಕ್ ಕಟ್ಟಿಕೊಳ್ಳುತ್ತದೆ. ಮದುಮಕ್ಕಳ ಹೆಸರು ಹಾಕುವಾಗ ನನಗೆ ಇದೇ ಭಯ. ಒತ್ತಕ್ಷರ ಮೊದಲೇ ಚಿಕ್ಕದು, ಅಕ್ಷರ ಸಣ್ಣದಾದರೆ ಅದು ಬರೀ ಚುಕ್ಕೆಯಾಗಿ ಕಾಣುತ್ತದೆ. ಅದಕ್ಕೆ ಅಕ್ಷರ ದೊಡ್ಡದಿರಲಿ, ಒಳಗಿನ ಜಾಗ ಅಗಲ ಇರುವ ಫಾಂಟ್ ಇರಲಿ. ತೀರಾ ದಪ್ಪ ಫಾಂಟ್ ಬೇಡ.

ಸಣ್ಣ ಬರಹಕ್ಕೆ ಸಣ್ಣ ಕಣ್ಣಿನ ಜಾಲರಿ ಬೇಕು. ಬಿಳಿ ಬೇಸಿಗೆ ದೊಡ್ಡ ಕಣ್ಣಿನದು. ಎಲ್ಲದಕ್ಕೂ ಒಂದೇ ಜಾಲರಿ ಹಾಕುತ್ತಾರಾ ಅಂತ ಕೇಳಿ ನೋಡಿ. ಆ ಪ್ರಶ್ನೆ ಕೇಳಿದರೇ ಅವರು ಸ್ವಲ್ಪ ಹುಷಾರಾಗುತ್ತಾರೆ. ನೀರಿನ ಇಂಕ್ ಆದರೆ ಬಿಸಿಲು ಹೊತ್ತಿನಲ್ಲಿ ಜಾಲರಿಯಲ್ಲೇ ಒಣಗಿ ಬ್ಲಾಕ್ ಆಗುತ್ತದೆ, ಅಕ್ಷರ ಅಲ್ಲಲ್ಲಿ ಹರಿದ ಹಾಗೆ ಬೀಳುತ್ತದೆ. ಮೊದಲನೆಯ ಶರ್ಟ್ ಚೆನ್ನಾಗಿದೆ ಅಂತ ಎದ್ದು ಬರಬೇಡಿ. ನಲವತ್ತನೆಯದನ್ನೂ ನೋಡಿ.

ಕ್ರಿಕೆಟ್ ಟೀಮಿಗೆ ಮಾಡಿಸಿದವನು

ಬಟ್ಟೆ ಕಾಟನ್ನೇ ಇರಲಿ, 180 ಜಿಎಸ್‌ಎಂ (ಒಂದು ಚದರ ಮೀಟರ್ ಬಟ್ಟೆಯ ತೂಕ, ಗ್ರಾಂನಲ್ಲಿ) ಸಾಕು. ನಾವು ಅಗ್ಗಕ್ಕೆ ಸಿಗುತ್ತೆ ಅಂತ ಕೆಂಪು ಪಾಲಿಯೆಸ್ಟರ್ ಜೆರ್ಸಿ ಮೇಲೆ ಬಿಳಿ ನಂಬರ್ ಹಾಕಿಸಿದೆವು. ಬಟ್ಟೆಯ ಕೆಂಪು ಬಿಸಿಗೆ ಮೇಲಕ್ಕೇರಿ ಬಿಳಿ ನಂಬರ್ ಎಲ್ಲ ಗುಲಾಬಿ ಆಯಿತು. ಪಾಲಿಯೆಸ್ಟರ್‌ಗೆ ಬೇರೆ ಇಂಕ್ ಇದೆಯಂತೆ, ನಮಗೆ ಯಾರೂ ಹೇಳಲಿಲ್ಲ. ಶರ್ಟ್ ಎರಡು ಮೂರು ಜಾಸ್ತಿ ತಗೊಳ್ಳಿ. ಒಂದೆರಡು ಕೆಟ್ಟೇ ಕೆಡುತ್ತವೆ.

ಪ್ರಶ್ನೆ ಕೇಳಿದವನು, ಎರಡು ವಾರದ ನಂತರ

ಎಲ್ಲರಿಗೂ ಧನ್ಯವಾದ. ಹಳದಿ ಕಾಟನ್, ಕೆಂಪು ಪ್ರಿಂಟ್, ಎರಡು ಫ್ರೇಮ್ ಅಂತ ತೀರ್ಮಾನ ಆಯಿತು. ಉಳಿದ ದುಡ್ಡಿನಲ್ಲಿ ಮೂರು ಜಾಸ್ತಿ ಸೇರಿಸಿ ಒಟ್ಟು 63 ಶರ್ಟ್ ತಗೊಂಡೆವು. ಫಿಲ್ಮ್ ನೋಡಲು ನಮ್ಮ ಬೀದಿಯ ನಿವೃತ್ತ ಮೇಷ್ಟ್ರನ್ನು ಕರೆದುಕೊಂಡು ಹೋಗಿದ್ದೆ. ಕಿಟಕಿಯ ಬೆಳಕಿಗೆ ಹಿಡಿದು ಬೆರಳಿಟ್ಟು ಓದಿದರು. ಒಂದು ಒತ್ತು ಬಿಟ್ಟುಹೋಗಿತ್ತು, ಅಲ್ಲೇ ತಿದ್ದಿಸಿದೆವು.

ಸ್ಯಾಂಪಲ್ ನಿನ್ನೆ ಬಂತು. ಪ್ರಿಂಟ್ ಹಿಡಿದು ಎಳೆದು ನೋಡಿದೆ, ಬಿರುಕು ಬಿಡಲಿಲ್ಲ. ಒಳಮಗ್ಗುಲು ತಿರುಗಿಸಿ ಎರಡು ಸಲ ಒಗೆದು ಹಗ್ಗದ ಮೇಲೆ ಹಾಕಿದ್ದೇನೆ. ಧ್ವಜದ ಧ ಸೀಳು ಇಲ್ಲಿ ನಿಂತರೂ ಕಾಣುತ್ತಿದೆ.